ಡಬ್ಲಿನ್‌ನ ಹೊಸ ಹೈಸ್ಕೂಲಿಂದ ಯಾರಿಗೆ ಏನು ಬೇಕು?

ಈ ಡಬ್ಲಿನ್ ಐರ್ಲೆಂಡಿನದಲ್ಲ, ಕ್ಯಾಲಿಫೋರ್ನಿಯಾದ್ದು. ಸ್ಯಾನ್ ಫ್ರಾನ್ಸಿಸ್ಕೋದಿಂದ ಇತ್ತ ಬರುವ ಬಾರ್ಟ್ ರೈಲಿನ ಕೊನೆಯ ಸ್ಟೇಷನ್ ನಮ್ಮದು. 2010ರಲ್ಲಿ 46 ಸಾವಿರ ಇದ್ದ ಜನ 2020ಕ್ಕೆ 72 ಸಾವಿರ ದಾಟಿದರು. ಅದರಲ್ಲಿ ನಮ್ಮ ಕಡೆಯವರೂ ಜಾಸ್ತಿ. ಹೊಸ ಮನೆಗಳು ಹೆಚ್ಚಾಗಿ ಎದ್ದದ್ದು ಊರಿನ ಪೂರ್ವಕ್ಕೆ, ದೊಡ್ಡ ಹೈಸ್ಕೂಲು ಇದ್ದದ್ದು ಒಂದೇ, ಅದೂ ಪಶ್ಚಿಮಕ್ಕೆ. ಅಲ್ಲಿ ಮಕ್ಕಳು ಮೂರು ಸಾವಿರ ದಾಟಿದ್ದರು. ಪೂರ್ವದವರು ವರ್ಷಗಟ್ಟಲೆ ಕಾದ ಹೊಸ ಹೈಸ್ಕೂಲು, ಎಮರಾಲ್ಡ್ ಹೈ, ಕೊನೆಗೂ ಶುರುವಾದದ್ದು 2024ರಲ್ಲಿ.

ಇಲ್ಲಿ ಶಾಲೆ ಕಟ್ಟೋಕೆ ಊರಿನವರೇ ಸಾಲಕ್ಕೆ ಒಪ್ಪಬೇಕು. 2016ರ ಜೂನ್‌ನಲ್ಲಿ ಶಾಲೆಗಳಿಗೆಂದು 283 ಮಿಲಿಯನ್ ಡಾಲರ್ ಬಾಂಡ್, ಅಂದರೆ ಸಾಲ, ಮತಕ್ಕೆ ಬಂತು. ಶೇಕಡಾ 55 ಮತ ಬೇಕು, ಸಿಕ್ಕಿತು. ಅದನ್ನು ಮನೆ ಇರುವವರು ಆಸ್ತಿ ತೆರಿಗೆಯ ಜೊತೆ ತೀರಿಸುತ್ತಾರೆ. ಹಾಗಾಗಿ ಶಾಲೆ ಹೀಗಿರಬೇಕು, ಹಾಗಿರಬೇಕು ಅಂತ ಎಲ್ಲರೂ ಧೈರ್ಯವಾಗಿ ಕೇಳುತ್ತಾರೆ. ನನಗೆ ಇದು ತುಂಬಾ ಹಿಡಿಸಿತು.

ನಮ್ಮ ಅಪ್ಪ ಅಮ್ಮಂದಿರ ಮೊದಲ ಪ್ರಶ್ನೆ ಮಾತ್ರ ಒಂದೇ: ಎಪಿ ಎಷ್ಟಿದೆ? ಎಪಿ ಅಂದರೆ ಹೈಸ್ಕೂಲಿನಲ್ಲೇ ಕಾಲೇಜು ಮಟ್ಟದ ಪಾಠ. ಮೇ ತಿಂಗಳಲ್ಲಿ ಪರೀಕ್ಷೆ, 5ಕ್ಕೆ ಅಂಕ. ಆದರೆ ಒಂದು ಕ್ಲಾಸ್ ನಡೆಯಬೇಕಾದರೆ ಸಾಕಷ್ಟು ಮಕ್ಕಳು ಸೇರಬೇಕು. ಇನ್ನೂ ತುಂಬದ ಶಾಲೆಯಲ್ಲಿ ಎಲ್ಲವನ್ನೂ ನಡೆಸೋದು ಕಷ್ಟ. ಅದಕ್ಕೇ, ಅಷ್ಟು ಕಾದವರಲ್ಲೇ ಕೆಲವರು, ಹಳೇ ಶಾಲೆಯೇ ವಾಸಿ ಅಂದುಬಿಟ್ಟರು. ಮನೆಯ ವಿಳಾಸ ನೋಡಿ ಶಾಲೆ ಕೊಡುವ ಊರಿದು. ಗಡಿ ಗೆರೆ ಯಾವ ಬೀದಿಯಲ್ಲಿ ಹಾಯುತ್ತೆ ಅನ್ನೋದೇ ದೊಡ್ಡ ಚರ್ಚೆ.

ನಮ್ಮ ಮನೆಗೆ ಬರುವ ಮಕ್ಕಳನ್ನು ಕೇಳಿ ನೋಡಿದೆ. ಅವರ ಪಟ್ಟಿಯಲ್ಲಿ ಎಪಿ ಇರಲೇ ಇಲ್ಲ. ಚಿಕ್ಕಂದಿನ ಗೆಳತಿ ಗಡಿಯ ಆಚೆಗೆ ಹೋಗಬಾರದು. ಟಾಯ್ಲೆಟ್‌ಗೆ ಬೀಗ ಹಾಕಿರಬಾರದು. ಒಬ್ಬ ಹುಡುಗ ಬಿಸ್ಕೆಟ್ ತಿನ್ನುತ್ತಾ ಮೆತ್ತಗೆ ಕೇಳಿದ, "ಆಂಟಿ, ಊಟದ ಹೊತ್ತಲ್ಲಿ ಒಬ್ಬನೇ ಇದ್ರೂ ಹೋಗಿ ಕೂರೋಕೆ ಒಂದು ಜಾಗ ಇರುತ್ತಾ?" ಲೈಬ್ರರಿ ತೆರೆದಿಟ್ಟರೆ ಸಾಕಂತೆ ಅವನಿಗೆ. ಇದನ್ನು ನಾವು ದೊಡ್ಡವರು ಯಾರೂ ಯೋಚಿಸಿರಲಿಲ್ಲ, ಅಲ್ವಾ?

ನನ್ನನ್ನು ಕೇಳಿದರೆ ಈಗ ಪಟ್ಟು ಹಿಡಿಯಬೇಕಾದದ್ದು ಕೌನ್ಸೆಲರ್‌ಗಳು ಬೇಕು ಅಂತ. ಇಲ್ಲಿ ಯಾವ ವಿಷಯ ತಗೋಬೇಕು, ಯಾವ ಕಾಲೇಜಿಗೆ ಅರ್ಜಿ ಹಾಕಬೇಕು, ಮನಸ್ಸು ಕೆಟ್ಟರೆ ಯಾರ ಹತ್ತಿರ ಹೋಗಬೇಕು, ಎಲ್ಲದಕ್ಕೂ ಅವರೇ. ಒಬ್ಬರಿಗೆ 250 ಮಕ್ಕಳಿಗಿಂತ ಜಾಸ್ತಿ ಇರಬಾರದು ಅಂತ ಅವರ ರಾಷ್ಟ್ರೀಯ ಸಂಘವೇ ಹೇಳುತ್ತದೆ. ಕ್ಯಾಲಿಫೋರ್ನಿಯಾದ ಸರಾಸರಿ ಅದಕ್ಕಿಂತ ಎಷ್ಟೋ ಮೇಲಿದೆ. ಚೆನ್ನಾಗಿ ಓದುವ ಮಗುವಿಗೆ ಮನೆಯವರು ದುಡ್ಡು ಕೊಟ್ಟು ಹೊರಗೆ ಸಲಹೆಗಾರರನ್ನು ಹಿಡಿಯುತ್ತಾರೆ. ಸುಮಾರಾಗಿ ಓದುವ, ಬಾಯಿಬಿಟ್ಟು ಕೇಳದ ಮಗುವಿಗೆ ಶಾಲೆಯ ಕೌನ್ಸೆಲರ್ ಬಿಟ್ಟರೆ ಯಾರೂ ಇಲ್ಲ. ಶಾಲಾ ಮಂಡಳಿಯ ಸಭೆಯಲ್ಲಿ ಯಾರು ಬೇಕಾದರೂ ಚೀಟಿ ಕೊಟ್ಟು ಮಾತಾಡಬಹುದು. ಅಲ್ಲಿ ಇದನ್ನು ಕೇಳೋಕೆ ನಾವು ನಾಲ್ಕು ಮನೆಯವರು ಒಟ್ಟಿಗೆ ಹೋಗುತ್ತಿದ್ದೇವೆ. ಲೈಬ್ರರಿ ವಿಷಯವನ್ನೂ ಸೇರಿಸಿಕೊಂಡಿದ್ದೇವೆ.