ಅರ್ಧ ತುಂಬಿದ ನೀಲಿ ಟ್ಯೂಬ್

2021ರ ಮೇ ತಿಂಗಳು. ರಾತ್ರಿ ಹನ್ನೊಂದೂವರೆ ಆಗಿತ್ತು. ಕೋವಿಡ್ ವಾರ್ಡಿನಿಂದ ನಮ್ಮ ಲ್ಯಾಬಿಗೆ ಬಂದ ಟ್ರೇಯಲ್ಲಿ ಇಪ್ಪತ್ತಕ್ಕೂ ಜಾಸ್ತಿ ರಕ್ತದ ಟ್ಯೂಬ್ ಇದ್ದವು. ಅದರಲ್ಲಿ ಒಂದು ನೀಲಿ ಮುಚ್ಚಳದ್ದು ಅರ್ಧವಷ್ಟೇ ತುಂಬಿತ್ತು. ನಾನು ಕೈಗೆತ್ತಿಕೊಳ್ಳುವಷ್ಟರಲ್ಲಿ ವಾರ್ಡಿನಿಂದ ಫೋನ್ ಬಂತು.

"ಅಣ್ಣಾ, 14ನೇ ಬೆಡ್ಡಿನ ಅಜ್ಜಂದು ಅಷ್ಟೇ ಬಂತು. ಮೂರು ಸಲ ಚುಚ್ಚಿದೆ, ನರಾನೇ ಸಿಗ್ತಿಲ್ಲ. ಹೇಗಾದ್ರೂ ಅಡ್ಜಸ್ಟ್ ಮಾಡ್ಕೊಳ್ಳಿ."

ಆ ಸಿಸ್ಟರ್ ಪಿಪಿಇ ಒಳಗೆ ಎಷ್ಟು ಹೊತ್ತಿನಿಂದ ಬೇಯುತ್ತಿದ್ದರೋ. ಎರಡು ಜೊತೆ ಗ್ಲೌಸ್, ಮಂಜು ಕಟ್ಟಿದ ಕನ್ನಡಕ. ಅದರಲ್ಲಿ ನರ ಹುಡುಕೋದು ಅಂದರೆ ಕಣ್ಣು ಮುಚ್ಚಿಕೊಂಡು ಸೂಜಿಗೆ ದಾರ ಪೋಣಿಸಿದ ಹಾಗೆ. ಅಯ್ಯೋ ಅನ್ನಿಸಿತು. "ಆಯ್ತು ಸಿಸ್ಟರ್, ನೋಡ್ತೀನಿ" ಅಂದೆ. ತಪ್ಪು ಮಾಡಿದ್ದು ಅಲ್ಲೇ.

ಯಾಕೆ ಅಂತ ಹೇಳಬೇಕಾದರೆ ಆ ಟ್ಯೂಬಿನ ಲೆಕ್ಕ ಹೇಳಬೇಕು. ನೀಲಿ ಟ್ಯೂಬಿನಲ್ಲಿ ಮೊದಲೇ ಒಂದಿಷ್ಟು ಸೋಡಿಯಂ ಸಿಟ್ರೇಟ್ ದ್ರವ ಇರುತ್ತದೆ. ರಕ್ತ ಹೆಪ್ಪುಗಟ್ಟಲು ಕ್ಯಾಲ್ಸಿಯಂ ಬೇಕು. ಸಿಟ್ರೇಟ್ ಆ ಕ್ಯಾಲ್ಸಿಯಂ ಹಿಡಿದಿಟ್ಟುಕೊಳ್ಳುತ್ತದೆ, ಹಾಗಾಗಿ ರಕ್ತ ಲ್ಯಾಬಿಗೆ ಬರುವವರೆಗೂ ನೀರಾಗಿಯೇ ಇರುತ್ತದೆ. ಆಮೇಲೆ ನಾವು ಸೆಂಟ್ರಿಫ್ಯೂಜ್‌ನಲ್ಲಿ ತಿರುಗಿಸಿ, ಮೇಲೆ ನಿಲ್ಲುವ ತಿಳಿಗೆ, ಅಂದರೆ ಪ್ಲಾಸ್ಮಾಕ್ಕೆ, ರೀಏಜೆಂಟ್ ಅನ್ನುವ ಟೆಸ್ಟಿನ ದ್ರವ ಮತ್ತು ಕ್ಯಾಲ್ಸಿಯಂ ಸೇರಿಸಿ, ಎಷ್ಟು ಸೆಕೆಂಡಿಗೆ ಹೆಪ್ಪಾಗುತ್ತದೆ ಅಂತ ಅಳೆಯುತ್ತೇವೆ. ಪಿಟಿ, ಎಪಿಟಿಟಿ ಅನ್ನುವ ಎರಡು ಟೆಸ್ಟ್ ಅಂದರೆ ಇಷ್ಟೇ. ಹಾಲಿಗೆ ಹೆಪ್ಪು ಹಾಕಿ ಗಡಿಯಾರ ನೋಡಿದ ಹಾಗೆ.

ಆದರೆ ಈ ಆಟ ನಡೆಯೋದು 9 ಪಾಲು ರಕ್ತಕ್ಕೆ 1 ಪಾಲು ಸಿಟ್ರೇಟ್ ಇದ್ದಾಗ ಮಾತ್ರ. ನಮ್ಮ ಟ್ಯೂಬಿನಲ್ಲಿ 0.3 ಎಂಎಲ್ ಸಿಟ್ರೇಟ್, ಅದಕ್ಕೆ 2.7 ಎಂಎಲ್ ರಕ್ತ ಬೇಕು. ಅಜ್ಜನ ಟ್ಯೂಬಿನಲ್ಲಿ ಹೆಚ್ಚೆಂದರೆ 1.5 ಎಂಎಲ್ ಇತ್ತು. ಅಂದರೆ 5ಕ್ಕೆ 1. ಸಿಟ್ರೇಟ್ ಜಾಸ್ತಿ ಆಯ್ತು. ನಾವು ಸೇರಿಸುವ ಕ್ಯಾಲ್ಸಿಯಂ ಅನ್ನೂ ಅದು ನುಂಗುತ್ತದೆ. ಹೆಪ್ಪಾಗೋದು ತಡವಾಗುತ್ತದೆ. ರೋಗಿಯ ರಕ್ತದಲ್ಲಿ ಏನೂ ಕೊರತೆ ಇಲ್ಲದಿದ್ದರೂ ರಿಪೋರ್ಟಿನಲ್ಲಿ ಕೊರತೆ ಕಾಣುತ್ತದೆ.

ಇದೆಲ್ಲ ನನಗೆ ಗೊತ್ತಿತ್ತು. ಡಿಪ್ಲೊಮಾ ಪರೀಕ್ಷೆಯಲ್ಲಿ ಬರೆದು ಮಾರ್ಕ್ಸ್ ತಗೊಂಡಿದ್ದೆ. ಆದರೂ ಮೆಷಿನ್ನಿಗೆ ಹಾಕಿದೆ. ಎಪಿಟಿಟಿ 52 ಸೆಕೆಂಡ್ ಬಂತು. ನಮ್ಮಲ್ಲಿ ನಾರ್ಮಲ್ಲಿನ ಮೇಲಿನ ಮಿತಿ 36. ಪಿಟಿಯೂ ಸ್ವಲ್ಪ ಎಳೆದಿತ್ತು. ಕೋವಿಡ್ ರೋಗಿ ಅಲ್ವಾ, ಇರಬಹುದು ಅಂದುಕೊಂಡು ರಿಪೋರ್ಟ್ ಕಳಿಸಿಬಿಟ್ಟೆ. "ಸ್ಯಾಂಪಲ್ ಕಡಿಮೆ ಇದೆ" ಅಂತ ಒಂದು ಸಾಲು ಕೂಡ ಬರೆಯಲಿಲ್ಲ.

ಆ ದಿನಗಳಲ್ಲಿ ಈ ಟೆಸ್ಟುಗಳಿಗೆ ಯಾಕೆ ಅಷ್ಟು ಬೆಲೆ ಬಂತು ಅಂತ ಸ್ವಲ್ಪ ಹೇಳುತ್ತೇನೆ. ಕೋವಿಡ್‌ಗೆ ಮುಂಚೆ ನಮ್ಮ ಲ್ಯಾಬಿಗೆ ನೀಲಿ ಟ್ಯೂಬ್ ಬರುತ್ತಿದ್ದದ್ದು ಕಡಿಮೆ. ಆಪರೇಷನ್‌ಗೆ ಮುಂಚೆ ಒಂದು, ಹೃದಯದ ವಾಲ್ವ್ ಹಾಕಿಸಿಕೊಂಡು, ರಕ್ತ ಹೆಪ್ಪಾಗದ ಹಾಗೆ ತಡೆಯುವ ವಾರ್ಫರಿನ್ ಮಾತ್ರೆ ನುಂಗುವವರದ್ದು ತಿಂಗಳಿಗೊಂದು, ಮಳೆಗಾಲದಲ್ಲಿ ಹಾವು ಕಚ್ಚಿದವರದ್ದು. ಕೊಳಕುಮಂಡಲ ಕಚ್ಚಿದರೆ ರಕ್ತದಲ್ಲಿರುವ ಫೈಬ್ರಿನೋಜೆನ್, ಅಂದರೆ ಹೆಪ್ಪು ಕಟ್ಟಲು ಬೇಕಾದ ಪ್ರೋಟೀನ್, ಖರ್ಚಾಗಿ ಹೋಗುತ್ತದೆ. ಗಾಜಿನ ಟ್ಯೂಬಿನಲ್ಲಿ ರಕ್ತ ಬಿಟ್ಟು 20 ನಿಮಿಷ ಬಿಟ್ಟು ವಾಲಿಸಿದರೂ ನೀರಿನ ಹಾಗೆ ಹರಿಯುತ್ತದೆ. ನಮಗೆ ಗೊತ್ತಿದ್ದ ಹೆಪ್ಪಿನ ಕಾಯಿಲೆ ಅಂದರೆ ಅದೇ.

ಕೋವಿಡ್ ಬೇರೆ ಥರ. ಇಲ್ಲಿ ಫೈಬ್ರಿನೋಜೆನ್ ಕಡಿಮೆ ಆಗೋದಿರಲಿ, ಶುರುವಿನಲ್ಲಿ ಜಾಸ್ತಿಯೇ ಇರುತ್ತದೆ. ಪ್ಲೇಟ್‌ಲೆಟ್ ಅಷ್ಟೇನೂ ಬೀಳುವುದಿಲ್ಲ. ಡೆಂಗಿಯಲ್ಲಿ ಪ್ಲೇಟ್‌ಲೆಟ್ ಪಾತಾಳಕ್ಕೆ ಹೋಗೋದನ್ನು ನೋಡಿದ ನಮಗೆ ಇದು ಹೊಸತು. ಏರುತ್ತಿದ್ದದ್ದು ಡಿ-ಡೈಮರ್. ಮೈಯಲ್ಲಿ ಎಲ್ಲೋ ಫೈಬ್ರಿನ್ ಎಳೆಗಳು ಬಲೆ ಕಟ್ಟಿ, ಆಮೇಲೆ ಆ ಬಲೆಯನ್ನು ದೇಹವೇ ಕತ್ತರಿಸಿದಾಗ ಉಳಿಯುವ ಚೂರು ಅದು. 2020ರಲ್ಲಿ ವುಹಾನ್‌ನ 183 ರೋಗಿಗಳ ಲೆಕ್ಕ ಹೊರಬಂತು. ಬದುಕಿದವರಲ್ಲಿ ಆಸ್ಪತ್ರೆಗೆ ಸೇರುವಾಗ ಡಿ-ಡೈಮರ್ ಒಂದು ಎಂಎಲ್‌ಗೆ ಸುಮಾರು 0.61 ಮೈಕ್ರೋಗ್ರಾಂ, ತೀರಿಕೊಂಡವರಲ್ಲಿ 2.12 ಇತ್ತು. ಅದಾದ ಮೇಲೆ ಡಾಕ್ಟರುಗಳು ಎಲ್ಲರಿಗೂ ಡಿ-ಡೈಮರ್, ಪಿಟಿ ಬರೆಯತೊಡಗಿದರು. ಅಡ್ಮಿಟ್ ಆದವರಿಗೆ ಹೊಟ್ಟೆಯ ಚರ್ಮದಡಿಗೆ, ರಕ್ತ ಹೆಪ್ಪಾಗದ ಹಾಗೆ ತಡೆಯುವ ಹೆಪಾರಿನ್ ಜಾತಿಯ ಇಂಜೆಕ್ಷನ್ ಶುರುವಾಯಿತು.

ನಮ್ಮ ಅಜ್ಜನಿಗೂ ಆ ಇಂಜೆಕ್ಷನ್ ಇತ್ತು. ರಾತ್ರಿ ಡ್ಯೂಟಿಯ ಡಾಕ್ಟರ್ ಹೊಸಬರು. ನನ್ನ 52 ನೋಡಿ ಹೆದರಿದರು. ರಕ್ತಸ್ರಾವ ಆದರೆ ಏನು ಗತಿ ಅಂತ ಆ ರಾತ್ರಿಯ ಡೋಸ್ ನಿಲ್ಲಿಸಿದರು. ಅವರನ್ನು ದೂರುವುದಿಲ್ಲ. ಅವರ ಮುಂದೆ ಇದ್ದದ್ದು ನಾನು ಕೊಟ್ಟ ನಂಬರ್ ಮಾತ್ರ.

ಬೆಳಿಗ್ಗೆ ರೌಂಡ್ಸಿಗೆ ಬಂದ ಫಿಜಿಷಿಯನ್ ಮೇಡಂ ಫೋನ್ ಮಾಡಿದರು. ಬೈಗುಳ ಇರಲಿಲ್ಲ. ಒಂದೇ ಪ್ರಶ್ನೆ.

"ಟ್ಯೂಬ್ ಗೀಟಿನವರೆಗೆ ತುಂಬಿತ್ತಾ?"

ನಾನು ಸುಮ್ಮನಿದ್ದೆ. ಅವರಿಗೆ ಉತ್ತರ ಸಿಕ್ಕಿತು. ಹೊಸ ಸ್ಯಾಂಪಲ್ ಕಳಿಸಿದರು. ಎಪಿಟಿಟಿ 37. ಮತ್ತೆ ಇಂಜೆಕ್ಷನ್ ಶುರುವಾಯಿತು. ಒಂದು ಡೋಸ್ ತಪ್ಪಿದ್ದರಿಂದ ಅಜ್ಜನಿಗೆ ಏನೂ ಆಗಲಿಲ್ಲ, ನಡೆದುಕೊಂಡೇ ಮನೆಗೆ ಹೋದರು. ನನ್ನ ಪುಣ್ಯ.

ಮೇಡಂ ಆಮೇಲೆ ಬಿಡುವಾದಾಗ ಇನ್ನೊಂದು ವಿಷಯ ಹೇಳಿದರು. ಕೋವಿಡ್‌ನಲ್ಲಿ ಸರಿಯಾದ ಸ್ಯಾಂಪಲ್‌ನಲ್ಲೂ ಕೆಲವರಿಗೆ ಎಪಿಟಿಟಿ ಉದ್ದ ಬರುತ್ತದಂತೆ. ಲೂಪಸ್ ಆಂಟಿಕೋಆಗ್ಯುಲಂಟ್ ಅನ್ನುವ ಪ್ರತಿಕಾಯ ನಮ್ಮ ರೀಏಜೆಂಟ್‌ನಲ್ಲಿರುವ ಕೊಬ್ಬಿನ ಅಂಶಕ್ಕೆ ಅಡ್ಡ ಬರುತ್ತದೆ. ಟ್ಯೂಬಿನಲ್ಲಿ ಹೆಪ್ಪು ತಡ, ಆದರೆ ಮೈಯೊಳಗೆ ರಕ್ತ ಸೋರುವುದಿಲ್ಲ. ಹಾಗಾಗಿ ಎಪಿಟಿಟಿ ಒಂದನ್ನೇ ನೋಡಿ ಇಂಜೆಕ್ಷನ್ ನಿಲ್ಲಿಸಬಾರದು ಅಂದರು. ಹೆಸರಲ್ಲೇ ಹೆಪ್ಪು ತಡೆಯುವ ವಸ್ತು ಅಂತಿದೆ, ಮಾಡೋದು ನೋಡಿದರೆ ಉಲ್ಟಾ. ಈ ಹೆಸರಿಟ್ಟವರನ್ನು ಒಮ್ಮೆ ಭೇಟಿ ಆಗಬೇಕು ನನಗೆ.

ಅದೇ ತಿಂಗಳು ಇನ್ನೊಂದು ಪಾಠ ಆಯಿತು. ಇದರಲ್ಲಿ ಯಾರದ್ದೂ ತಪ್ಪಿಲ್ಲ, ಅದಕ್ಕೇ ಇನ್ನೂ ಕಷ್ಟ. ರೋಗಿಯೊಬ್ಬರ ಮಗ ಎರಡು ರಿಪೋರ್ಟ್ ಹಿಡಿದು ಕಿಟಕಿಗೆ ಬಂದ. ಹೊರಗಿನ ಲ್ಯಾಬಿನಲ್ಲಿ ಡಿ-ಡೈಮರ್ 480. ಎರಡು ದಿನದ ಮೇಲೆ ನಮ್ಮಲ್ಲಿ 0.98.

"ಸಾರ್, 480 ಇದ್ದದ್ದು ಒಂದಕ್ಕಿಂತ ಕಮ್ಮಿ ಆಯ್ತಲ್ಲ, ಅಪ್ಪ ಹುಷಾರಾದಂಗೆ ಅಲ್ವಾ?"

ಅವನ ಮುಖದಲ್ಲಿ ಎಷ್ಟು ಖುಷಿ ಇತ್ತು ಅಂದರೆ ನನಗೆ ಮಾತೇ ಹೊರಡಲಿಲ್ಲ. ಹೊರಗಿನವರು ಒಂದು ಎಂಎಲ್‌ಗೆ ಎಷ್ಟು ನ್ಯಾನೋಗ್ರಾಂ ಅಂತ, ಡಿಡಿಯು ಲೆಕ್ಕದಲ್ಲಿ, ಅಂದರೆ ಡಿ-ಡೈಮರ್‌ನದೇ ತೂಕದಲ್ಲಿ ಕೊಟ್ಟಿದ್ದರು. ನಾವು ಮೈಕ್ರೋಗ್ರಾಂನಲ್ಲಿ, ಎಫ್‌ಇಯು ಲೆಕ್ಕದಲ್ಲಿ, ಅಂದರೆ ಅದಕ್ಕೆ ಮೂಲವಾದ ಫೈಬ್ರಿನೋಜೆನ್‌ನ ತೂಕದಲ್ಲಿ ಕೊಡುತ್ತಿದ್ದೆವು. ಎಫ್‌ಇಯು ಸಂಖ್ಯೆ ಡಿಡಿಯುಗಿಂತ ಹೆಚ್ಚುಕಡಿಮೆ ಎರಡರಷ್ಟು ಬರುತ್ತದೆ. 480ರ ಎರಡರಷ್ಟು 960. ಅದನ್ನು ಸಾವಿರದಿಂದ ಭಾಗಿಸಿದರೆ 0.96. ಅಂದರೆ ಅವನ ಅಪ್ಪ ಎರಡು ದಿನದಲ್ಲಿ ಇದ್ದಲ್ಲೇ ಇದ್ದರು.

ಉಲ್ಟಾ ಆಗೋದೂ ಉಂಟು. ಡಿಡಿಯುನಲ್ಲಿ 0.8 ಇದ್ದವರು ಬೇರೆ ಲ್ಯಾಬಿಗೆ ಹೋದರೆ ಎಫ್‌ಇಯುನಲ್ಲಿ 1.6. ಒಂದೇ ದಿನಕ್ಕೆ ಡಬಲ್ ಆಯ್ತು ಅಂತ ಮನೆಯವರು ರಾತ್ರಿಯೆಲ್ಲ ನಿದ್ದೆಗೆಡುತ್ತಾರೆ. ಮಾಮೂಲಿ ಕಟ್-ಆಫ್, ಅಂದರೆ ನಾರ್ಮಲ್ಲಿನ ಮೇಲಿನ ಮಿತಿ ಕೂಡ ಹಾಗೆಯೇ. ಒಂದು ಕಡೆ 500 (ನ್ಯಾನೋಗ್ರಾಂ, ಎಫ್‌ಇಯು), ಇನ್ನೊಂದು ಕಡೆ ಸುಮಾರು 250 (ನ್ಯಾನೋಗ್ರಾಂ, ಡಿಡಿಯು), ಮತ್ತೊಂದು ಕಡೆ 0.5 (ಮೈಕ್ರೋಗ್ರಾಂ, ಎಫ್‌ಇಯು). ಮೂರೂ ಒಂದೇ. ಆಗ ವಾಟ್ಸಾಪ್‌ನಲ್ಲಿ ಜನ ಡಿ-ಡೈಮರ್ ಅನ್ನು ಕ್ರಿಕೆಟ್ ಸ್ಕೋರ್ ಥರ ಹಂಚಿಕೊಳ್ಳುತ್ತಿದ್ದರು, ಯೂನಿಟ್ ಇಲ್ಲದೆ. ಗರ್ಭಿಣಿಯರಲ್ಲಿ, ವಯಸ್ಸಾದವರಲ್ಲಿ, ಆಪರೇಷನ್ ಆದವರಲ್ಲಿ ಅದು ಹೇಗೂ ಏರಿರುತ್ತದೆ ಅನ್ನೋದನ್ನು ಕೇಳುವವರು ಯಾರು?

ಮರುವಾರವೇ ರಿಪೋರ್ಟ್ ಫಾರ್ಮಿನಲ್ಲಿ ಯೂನಿಟ್ಟನ್ನು ದಪ್ಪಕ್ಷರದಲ್ಲಿ ಹಾಕಿಸಿದೆ. ಪಕ್ಕದಲ್ಲಿ ನಮ್ಮ ಕಟ್-ಆಫ್. ಕೆಳಗೆ ಒಂದು ಸಾಲು: ಬೇರೆ ಲ್ಯಾಬಿನ ಸಂಖ್ಯೆ ಜೊತೆ ನೇರವಾಗಿ ಹೋಲಿಸಬೇಡಿ.

ಟ್ಯೂಬಿನ ವಿಷಯದಲ್ಲಿ ಮಾತ್ರ ಸುಮಾರು ದಿನ ಹಿಡಿಯಿತು. ಎಲ್ಲಿ ತಪ್ಪುತ್ತಿದೆ ಅಂತ ನೋಡಲು ಒಂದು ದಿನ ವಾರ್ಡಿಗೇ ಹೋದೆ. ಸಿಸ್ಟರುಗಳು ಬಟರ್‌ಫ್ಲೈ ಸೂಜಿ ಬಳಸುತ್ತಿದ್ದರು. ಅದರ ಉದ್ದ ಪೈಪಿನಲ್ಲಿರುವ ಗಾಳಿ ಮೊದಲು ಟ್ಯೂಬಿನೊಳಗೆ ಹೋಗುತ್ತದೆ, ಅಷ್ಟು ರಕ್ತ ಕಮ್ಮಿ ಬರುತ್ತದೆ. ನೀಲಿಯನ್ನೇ ಮೊದಲು ಹಾಕಿದರೆ ಅದು ಯಾವತ್ತೂ ಗೀಟು ಮುಟ್ಟುವುದಿಲ್ಲ! ಮೊದಲು ಬೇರೊಂದು ನೀಲಿ ಟ್ಯೂಬಿಗೆ ಸ್ವಲ್ಪ ರಕ್ತ ಬಿಟ್ಟು ಬಿಸಾಡಿ, ಆಮೇಲೆ ಟೆಸ್ಟಿನ ಟ್ಯೂಬ್ ಹಾಕಿ ಅಂದೆ. ಇಷ್ಟು ದಿನ ಇದನ್ನು ಹೇಳದೆ ಕಿಟಕಿಯ ಹಿಂದೆ ಕೂತು ಗೊಣಗುತ್ತಿದ್ದೆನಲ್ಲ ಅಂತ ನಾಚಿಕೆ ಆಯಿತು.

ಎರಡು ಅರ್ಧ ಟ್ಯೂಬುಗಳನ್ನು ಸೇರಿಸಿ ಒಂದು ಮಾಡಿ ಕಳಿಸಿದ ಪುಣ್ಯಾತ್ಮರೂ ಇದ್ದರು. ನೋಡಲು ಗೀಟಿನವರೆಗೆ ತುಂಬಿರುತ್ತದೆ, ಒಳಗೆ ಸಿಟ್ರೇಟ್ ಡಬಲ್. ನೇರಳೆ ಟ್ಯೂಬಿನಿಂದ ನೀಲಿಗೆ ಸುರಿದವರೂ ಇದ್ದರು. ಅದರಲ್ಲಿರುವ ಇಡಿಟಿಎ ಕ್ಯಾಲ್ಸಿಯಂ ಅನ್ನು ಬಿಡುವುದೇ ಇಲ್ಲ, ಆ ಕಥೆ ಇನ್ನೊಮ್ಮೆ.

ಮೊನ್ನೆ ಚಳಿಗಾಲದಲ್ಲಿ ಎಚ್1ಎನ್1 ಬಂದ ಹೆಂಗಸೊಬ್ಬರು ಐಸಿಯುನಲ್ಲಿದ್ದರು. ನೀಲಿ ಟ್ಯೂಬ್ ಮುಕ್ಕಾಲು ತುಂಬಿ ಬಂತು. ನಾನು ಫೋನ್ ಎತ್ತುವಷ್ಟರಲ್ಲಿ ಆ ಕಡೆಯಿಂದಲೇ ಫೋನ್ ಬಂತು.

"ಅಣ್ಣಾ, ಅದನ್ನ ಬಿಸಾಡಿ. ಇನ್ನೊಂದು ಕಳಿಸ್ತಿದೀನಿ, ಹತ್ತು ನಿಮಿಷ."