ಮನೆ ಇದೆ, ಹಕ್ಕುಪತ್ರ ಇಲ್ಲ

ಶಿವಮೊಗ್ಗದಲ್ಲಿ ಬಾಡಿಗೆ ಮನೆ ಹುಡುಕಕ್ಕೆ ಹೋದ್ರೆ ಎಷ್ಟೋ ಓನರ್‌ಗಳು ಮೊದ್ಲು ಕೇಳೋದು ಸಂಬಳ ಅಲ್ಲ, "ನೀವು ಯಾವ ಜನ" ಅಂತ, ಆಮೇಲೆ "ನಾನ್‌ವೆಜ್ ಮಾಡ್ತೀರಾ", ಉತ್ರ ಹಿಡಿಸ್ಲಿಲ್ಲ ಅಂದ್ರೆ ನಿನ್ನೆನೇ ಯಾರೋ ಅಡ್ವಾನ್ಸ್ ಕೊಟ್ಟೋದ್ರು ಅಂತಾರೆ, ಟು ಲೆಟ್ ಬೋರ್ಡ್ ಮಾತ್ರ ಅಲ್ಲೇ ನೇತಾಡ್ತಿರುತ್ತೆ. ಸೈಟ್ ತಗೊಳ್ಳೋಣ ಅಂದ್ರೆ 2023ರಲ್ಲಿ ಸೋಗಾನೆ ಏರ್‌ಪೋರ್ಟ್ ಶುರುವಾದ್ಮೇಲೆ ಬ್ರೋಕರ್‌ಗಳನ್ನ ಮಾತಾಡ್ಸೋದೇ ಕಷ್ಟ.

ಆದ್ರೆ ನಂಗೆ ಇದಕ್ಕಿಂತ ಹೊಟ್ಟೆ ಉರಿಸೋದು ಸಾಗರ, ಹೊಸನಗರ ಕಡೆಯ ಮುಳುಗಡೆ ಜನರ ಪಾಡು. 1964ರಲ್ಲಿ ಶರಾವತಿ ಹೊಳೆಗೆ ಲಿಂಗನಮಕ್ಕಿ ಡ್ಯಾಂ ಆಯ್ತು, ನಾಡಿಗೆಲ್ಲ ಕರೆಂಟ್ ಬಂತು, ಮನೆ ತೋಟ ಎಲ್ಲ ನೀರಿಗೆ ಬಿಟ್ಟು ಬಂದೋರಿಗೆ ತೋರಿಸಿದ ಜಾಗ ಎಷ್ಟೋ ಕಡೆ ದಾಖಲೆಯಲ್ಲಿ ಇವತ್ತಿಗೂ ಅರಣ್ಯನೇ. ಮೊಮ್ಮಕ್ಕಳು ಬಂದ್ರೂ ಹಕ್ಕುಪತ್ರ ಬಂದಿಲ್ಲ.

2006ರ ಅರಣ್ಯ ಹಕ್ಕು ಕಾಯ್ದೆ ಇದ್ಯಲ್ಲ ಅಂತೀರಾ? ಪರಿಶಿಷ್ಟ ಪಂಗಡದೋರು ಬಿಟ್ಟು ಉಳಿದೋರು 2005ಕ್ಕೆ ಮುಂಚೆ 75 ವರ್ಷ, ಅಂದ್ರೆ 1930ರಿಂದ ಕಾಡಲ್ಲೇ ಇದ್ವಿ ಅಂತ ತೋರಿಸ್ಬೇಕು. ಅಲ್ಲ ಮಾರಾಯ್ರೆ, ಡ್ಯಾಂ ಕಟ್ಟಿದ್ದೇ 1964ರಲ್ಲಿ, 1930ರಲ್ಲಿ ಇವ್ರ ಹಿರಿಯರು ಹೊಳೆದಂಡೆಲಿ ಗದ್ದೆ ಉಳ್ತಿದ್ರು! ಭೂಕಂದಾಯ ಕಾಯ್ದೆಯ 94ಸಿ ಕಲಂ ಅಡಿ ಅರ್ಜಿ ಹಾಕಣ ಅಂದ್ರೆ ಅದು ಕಂದಾಯ ಜಾಗದಲ್ಲಿ ಮನೆ ಕಟ್ಕೊಂಡೋರಿಗೆ, ಅರಣ್ಯಕ್ಕೆ ನಡಿಯಲ್ಲ.

ಪತ್ರ ಇಲ್ದೆ ಬ್ಯಾಂಕ್ ಲೋನ್ ಸಿಗಲ್ಲ, ಮನೆ ಕಟ್ಟಕ್ಕೆ ಸರ್ಕಾರದ ಸಹಾಯಧನ ಕೇಳಿದ್ರೂ ಮೊದ್ಲು ಜಾಗದ ದಾಖಲೆ ತನ್ನಿ ಅಂತಾರೆ. ಹಂಗಾಗಿ ಮಲೆನಾಡಿನ ಈ ಮಳೇಲಿ ಸೋರೋ ಮಾಡಿಗೆ ವರ್ಷಾ ವರ್ಷಾ ಟಾರ್ಪಾಲು ಹೊದಿಸ್ಕೊಂಡೇ ಇದಾರೆ.