ಕುಕ್ಕರ್‌ನಲ್ಲಿ ಬಿಸ್ಕತ್ತು

ನಮ್ಮನೆಯಲ್ಲಿ ಓವನ್ ಇಲ್ಲ. ಇವತ್ತು ಮಕ್ಕಳಿಗೆ ನಾನ್‌ಖಟಾಯ್ ಕಲಿಸಿದ್ದು ಹಳೇ ಕುಕ್ಕರ್‌ನಲ್ಲೇ. ತಳಕ್ಕೆ ಉಪ್ಪು ಹರಡಿ, ಗ್ಯಾಸ್ಕೆಟ್, ವೆಯ್ಟ್ ತೆಗೆದು 10 ನಿಮಿಷ ಬಿಸಿ ಮಾಡಿದೆ. ಒಲೆ ಕೆಲಸ ಮಾತ್ರ ನನ್ನದು.

1 ಕಪ್ ಮೈದಾ, ಅರ್ಧರ್ಧ ಕಪ್ ಪುಡಿಸಕ್ಕರೆ, ತುಪ್ಪ, ಒಂದಿಷ್ಟು ಏಲಕ್ಕಿ. ನೀರು ಬೇಡ್ವಾ ಅಂತ ಮಗ ಮೂರು ಸಲ ಕೇಳಿದ. ಚಪಾತಿ ಹಿಟ್ಟು ನೋಡಿ ಬೆಳೆದವನು, ಪಾಪ. ಅಂಗೈ ಬಿಸಿಗೆ ತುಪ್ಪ ಕರಗಿ ಹಿಟ್ಟು ತಾನೇ ಕೂಡಿಕೊಂಡಾಗ ಅವನ ಮುಖ ನೋಡಬೇಕಿತ್ತು!

ಮಗಳ ಉಂಡೆಗಳು ಒಂದು ನಿಂಬೆಹಣ್ಣು, ಒಂದು ಗೋಲಿ. ಸರಿ ಮಾಡೋಣ ಅಂತ ಚಾಚಿದ ಕೈ ಸುಮ್ನೆ ಹಿಂದಕ್ಕೆ ತೆಗೆದೆ. ಎಲ್ಲವೂ ಒಂದೇ ಸಮ ಇರಲಿ ಅನ್ನೋ ಹಟ ನನಗೇ ಜಾಸ್ತಿ, ಅಲ್ವಾ?

20 ನಿಮಿಷಕ್ಕೆ ಗೋಲಿಗಳು ಕಪ್ಪಾದವು, ನಿಂಬೆಗಳು ನಡುವೆ ಮೆತ್ತಗೆ. ತಣ್ಣಗಾದರೆ ಗರಿಗರಿ ಆಗುತ್ತವೆ ಎಂದೆ. ಯಾರು ಕಾಯುತ್ತಾರೆ!